ಟೋಪಿಯ ಕೆಳಗಿನ ಹುಣ್ಣು

ಅಕ್ಕಾ, ನಾನು ನಿನಗೆ ಸುಳ್ಳು ಹೇಳಿದೆ. ಚರ್ಮದ ತಪಾಸಣೆಗೆ ಹೋಗಿ ಬಂದೆ, ಏನೂ ಇಲ್ಲವೆಂದರು ಎಂದು ಎರಡು ವರ್ಷ ಹೇಳುತ್ತ ಬಂದೆನಲ್ಲ — ಹೋಗಿರಲೇ ಇಲ್ಲ.

ಕಿವಿಯ ತುದಿಯಲ್ಲಿ ಒಂದು ಹುಣ್ಣು ಎದ್ದಿತ್ತು. ಒಣಗುತ್ತಿತ್ತು, ಮತ್ತೆ ಒಡೆಯುತ್ತಿತ್ತು. ಅದೇನಿರಬಹುದೆಂದು ನನಗೆ ಗೊತ್ತಿತ್ತು. ನೀನು ಕಿಡ್ನಿ ಕೊಟ್ಟ ವರ್ಷವೇ ಡಾಕ್ಟರು ಕೂಡಿಸಿಕೊಂಡು ಹೇಳಿದ್ದರು: ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತವೆ, ಕ್ಯಾನ್ಸರ್ ಬರುವ ಸಂಭವ ಹೆಚ್ಚು, ಚರ್ಮದ ಮೇಲೆ ಏನು ಕಂಡರೂ ತೋರಿಸಿ. ಬಂದರೆ ಮಾತ್ರೆ ಕಡಿಮೆ ಮಾಡಬೇಕಾದೀತು ಎಂದೂ ಅಂದಿದ್ದರು. ನನ್ನ ತಲೆಯಲ್ಲಿ ಉಳಿದದ್ದು ಆ ಕೊನೆಯ ಮಾತೊಂದೇ. ಮಾತ್ರೆ ಕಡಿಮೆಯಾದರೆ ನಿನ್ನ ಕಿಡ್ನಿ ಹೋಗುತ್ತದೆ —

ನಾಗರ ಪಂಚಮಿಗೆ ಅಕ್ಕನಿಗೆ ಸೀರೆ ಉಡಿಸಬೇಕಾದ ತಮ್ಮ ನಾನು. ನಿನ್ನಿಂದ ಕಿಡ್ನಿ ತೆಗೆದುಕೊಂಡೆ. ಅದನ್ನೂ ಕಳೆದುಕೊಂಡು ವೆಂಬ್ಲಿಯ ನಿನ್ನ ಮನೆಗೆ ಯಾವ ಮುಖ ಹೊತ್ತು ಬರಲಿ? ಥಂಡಿ ಎಂದು ಮನೆಯೊಳಗೂ ಉಣ್ಣೆಯ ಟೋಪಿ ಹಾಕಿಕೊಂಡೆ. ಬೇಸಿಗೆಯಲ್ಲೂ. ನೀನು ನಕ್ಕೆ: "ಲಂಡನ್ನಿಗೆ ಬಂದು ಮುದುಕ ಆದಿ ನೋಡು!"

ಆಮೇಲೆ ಕುತ್ತಿಗೆಯಲ್ಲಿ ಗಂಟು ಬಂತು. ಅದನ್ನು ಯಾವ ಟೋಪಿ ಮುಚ್ಚೀತು? ಕೊನೆಗೆ ಆಸ್ಪತ್ರೆಗೆ ಹೋದೆ; ಕಿವಿಯ ಕ್ಯಾನ್ಸರ್ ಕುತ್ತಿಗೆಗೆ ಹರಡಿತ್ತು. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮೊದಲೇ ಬಂದಿದ್ದರೆ ಹುಣ್ಣನ್ನಷ್ಟೇ ಕತ್ತರಿಸಿ ತೆಗೆದು ಮನೆಗೆ ಕಳಿಸುತ್ತಿದ್ದೆವು, ಮಾತ್ರೆಗೆ ಬಹುಶಃ ಕೈ ಹಚ್ಚಬೇಕಾಗಿರಲಿಲ್ಲ ಎಂದರು. ಈಗ ಮಾತ್ರೆ ತಗ್ಗಿಸಿದ್ದಾರೆ. ಕಿಡ್ನಿ ಸೋಲುತ್ತಿದೆ. ಉಳಿಸಲು ಹೋಗಿ ನಾನೇ —

ಇಷ್ಟನ್ನು ಹೇಗೋ ನುಂಗಿಕೊಂಡು ಇದ್ದುಬಿಡುತ್ತಿದ್ದೆ, ಅಂಥ ಹೇಡಿ ನಾನು. ಆದರೆ ಹೋದ ವಾರ ಆಸ್ಪತ್ರೆಯಿಂದ ಬರುವಾಗ, ಟ್ಯೂಬ್ ರೈಲಿನಲ್ಲಿ ಪಕ್ಕದಲ್ಲಿ ಕೂತು ನೀನು ಸಣ್ಣ ದನಿಯಲ್ಲಿ ಕೇಳಿದೆ:

"ತಮ್ಮಾ, ನನ್ನ ಕಿಡ್ನಿಯೊಳಗ ಏನರೆ ಇತ್ತೇನೋ? ನಾನ ನಿನಗ ಈ ರೋಗ ಕೊಟ್ನೇನು?"

ಇಲ್ಲ ಎನ್ನಲು ಒಂದು ಗಳಿಗೆ ಸಾಕಿತ್ತು. ನಾನು ಕಿಟಕಿಯ ಕಡೆ ತಿರುಗಿದೆ. ಆ ಸಂಶಯವನ್ನು ನಿನ್ನ ಎದೆಯಲ್ಲೇ ಬಿಟ್ಟು ನನ್ನ ಸ್ಟೇಷನ್ನಿನಲ್ಲಿ ಇಳಿದು ಹೋದೆ. ಎರಡು ವರ್ಷದ ಸುಳ್ಳಿಗಿಂತ ಇದು ಕೆಟ್ಟದ್ದು, ಅಕ್ಕಾ.

ಸೋಮವಾರ ಮತ್ತೆ ಆಸ್ಪತ್ರೆಗೆ ಹೋಗಬೇಕು. ಪ್ರತಿ ಸಲ ನಿನ್ನನ್ನು ಹೊರಗೆ ಕೂಡಿಸುತ್ತಿದ್ದೆ. ಈ ಸಲ ಒಳಗೆ ಬಾ. ಡಾಕ್ಟರ ಎದುರಿಗೇ ಎಲ್ಲ ಹೇಳುತ್ತೇನೆ. ಬೈ, ಬೇಕಾದರೆ ಮಾತು ಬಿಡು. ಆದರೆ ಅವರ ಬಾಯಿಂದಲೇ ಕೇಳಿಕೊಂಡು ಹೋಗು — ನೀನು ಕೊಟ್ಟ ಕಿಡ್ನಿಯಲ್ಲಿ ಯಾವ ದೋಷವೂ ಇರಲಿಲ್ಲ. ಸೋಲುತ್ತ ಸೋಲುತ್ತಲೇ ಅದು ಇವತ್ತೂ ನನಗಾಗಿ ದುಡಿಯುತ್ತಿದೆ.