ಅಕೇಶಿಯಾ ಮರದ ಕೊಲೆ ಕೇಸು

ಹುಟ್ಟಿದ್ದೆಲ್ಲವೂ ಒಂದು ದಿನ ಒಣಗಿ ನೆಲ ಸೇರಲೇಬೇಕು. ಈ ವಿಷಯದಲ್ಲಿ ಮನುಷ್ಯನಿಗೂ ಮರಕ್ಕೂ ರಿಯಾಯಿತಿ ಇಲ್ಲ. ವ್ಯತ್ಯಾಸ ಇಷ್ಟೇ: ಮನುಷ್ಯ ಒಣಗಿದರೆ ಶುಗರ್ ಟೆಸ್ಟ್ ಮಾಡಿಸುತ್ತಾರೆ, ಮರ ಒಣಗಿದರೆ ಪಕ್ಕದ ಮನೆಯವರನ್ನು ಅನುಮಾನಿಸುತ್ತಾರೆ.

ಕಳೆದ ವಾರ ಅಕ್ಕ ಫೋನ್ ಮಾಡಿದಳು. ಅವಳಿರುವುದು ಚನ್ನಪಟ್ಟಣದ ಹತ್ತಿರದ ಹಳ್ಳಿಯಲ್ಲಿ.

"ನನ್ ಮ್ಯಾಲೆ ಕೊಲೆ ಕೇಸು ಬಂದೈತೆ ಕಣ್ಲಾ. ಪೇಪರ್‌ಗೆ ಬರೀತೀಯಲ್ಲ, ಬಂದು ಒಸಿ ನ್ಯಾಯ ಹೇಳು."

ಸತ್ತವರು ಯಾರು ಎಂದೆ.

"ಜಯನ ಮರ."

ಜಯಮ್ಮ ಅಕ್ಕನ ವಾರಗಿತ್ತಿ, ಚಿಕ್ಕವಳು. ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಂಡಾಗ ನಡುವೆ ಗೋಡೆ ಎಬ್ಬಿಸಬೇಕಿತ್ತು. ಅದೇ ಮಳೆಗಾಲದಲ್ಲಿ ಅರಣ್ಯ ಇಲಾಖೆಯವರು ಅಕೇಶಿಯಾ ಸಸಿಗಳನ್ನು ಪುಕ್ಕಟೆ ಹಂಚಿದರು. ದನ ಮುಟ್ಟುವುದಿಲ್ಲ, ನೀರು ಕೇಳುವುದಿಲ್ಲ ಎಂದು ಅದರ ಗುಣಗಾನ ನಡೆಯುತ್ತಿದ್ದ ಕಾಲ. (ನಾವೂ ನಂಬಿದ್ದೆವು. ಆಗ ಏನನ್ನು ನಂಬಿರಲಿಲ್ಲ?) ಜಯಮ್ಮನ ಗಂಡ ಗೋಡೆಯ ಜಾಗದಲ್ಲಿ ಒಂದು ಸಸಿ ನೆಟ್ಟ. ಗೋಡೆಯ ಮಾತು ಅಲ್ಲಿಗೇ ನಿಂತಿತು.

ಮರ ಎದ್ದ ವೇಗಕ್ಕೆ ನಾವೇ ಬೆರಗಾದೆವು. ನಾನು ರಜೆಗೆ ಹೋದಾಗಲೆಲ್ಲ ಆ ನೆರಳಲ್ಲಿ ಅಕ್ಕನೂ ಜಯಮ್ಮನೂ ಎದುರು ಬದುರು ಕೂತು ರೇಷ್ಮೆಗೂಡು ಬಿಡಿಸುತ್ತಿದ್ದರು. ಕೈ ಗೂಡಿನ ಮೇಲೆ, ಬಾಯಿ ಇಡೀ ಊರಿನ ಮೇಲೆ. ಎರಡೂ ಮನೆಯ ಹೆಣ್ಣುಮಕ್ಕಳು ಸುರುಳಿ ಸುತ್ತಿದ ಕಾಯಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಓಲೆ ಎಂದು ಮೆರೆಯುತ್ತಿದ್ದರು. ನಾನು ಅಲ್ಲೇ ಚಾಪೆ ಹಾಸಿ ಮಲಗಿ, ಬೇರೆ ಯಾವ ಊರಲ್ಲೂ ಬಾರದ ನಿದ್ದೆ ಮಾಡುತ್ತಿದ್ದೆ.

ಆಮೇಲೆ ಮರದ ಬುದ್ಧಿ ಗೊತ್ತಾಯಿತು. ನಾವು ಕರೆದದ್ದು ಒಬ್ಬನನ್ನು, ಬಂದದ್ದು ಇಡೀ ವಂಶ. ಬದುವಿನಲ್ಲಿ, ಚರಂಡಿಯಲ್ಲಿ, ಗುಡಿಯ ಗೋಡೆಯ ಸಂದಿಯಲ್ಲಿ, ಎಲ್ಲೆಲ್ಲೂ ಅದರ ಸಸಿಗಳು. ಹಳದಿ ಹೂ ಬಿಟ್ಟ ಕಾಲಕ್ಕೆ ಅಕ್ಕನ ಸೀನು ಬಸ್‌ಸ್ಟಾಪಿಗೆ ಕೇಳುತ್ತಿತ್ತು. ಪ್ರತಿ ಸೀನಿನ ಕೊನೆಗೂ ಒಂದು ಘೋಷಣೆ: "ಈ ಮರಕ್ಕೆ ಒಂದಿನ ಇಂಗು ಇಟ್ಬುಡ್ತೀನಿ."

ಬುಡಕ್ಕೆ ತೂತು ಕೊರೆದು ಇಂಗು ತುಂಬಿ ಮಣ್ಣು ಮೆತ್ತಿದರೆ ಎಂಥ ಮರವೂ ಸಾಯುತ್ತದೆ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಈಗ ಮರ ನಿಜಕ್ಕೂ ಒಣಗಿತ್ತು. ಜಯಮ್ಮ ಮಾತು ಬಿಟ್ಟಿದ್ದಳು. ಅಕ್ಕನಿಗೆ ಬೈಯಲೂ ಜನ ಇಲ್ಲದಂತಾಗಿತ್ತು.

ನಾನು ಘನ ನ್ಯಾಯಾಧೀಶನಂತೆ ಕನಕಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ.

ಇಬ್ಬರೂ ತಮ್ಮ ತಮ್ಮ ಜಗಲಿಯಲ್ಲಿದ್ದರು. ಮಾತೆಲ್ಲ ನನ್ನ ಮೂಲಕ.

"ಅಣ್ಣ, ನಿಮ್ಮಕ್ಕನ್ನ ಕೇಳಿ, ಅದು ಏನು ಪಾಪ ಮಾಡಿತ್ತು ಅಂತ. ನಮ್ಮನೆಯವ್ರು ನೆಟ್ಟಿದ್ದು. ಅವ್ರು ಹೋದ್ ಮ್ಯಾಲೆ ಬಾಗ್ಲು ತೆಗುದ್ರೆ ನಂಗೆ ಅದೇ ಕಾಣೋದು."

"ನಂಗೇನು ಹುಚ್ಚಾ ಅಂತ ಹೇಳ್ಲಾ ಅವಳ್ಗೆ."

ನಾನು ಸ್ಥಳ ಪರಿಶೀಲನೆಗೆ ಬಗ್ಗಿದೆ. ಬುಡದಲ್ಲಿ ತಟ್ಟೆಯಗಲದ ಒಂದು ಅಣಬೆ, ಕಂದುಗೆಂಪು, ಗಟ್ಟಿ, ಫಳಫಳ ಹೊಳೆಯುತ್ತಿತ್ತು. ಚನ್ನಪಟ್ಟಣದ ಗೊಂಬೆಗೆ ಅರಗು ಹಚ್ಚಿ ಯಾರೋ ಇಲ್ಲಿ ಮರೆತು ಹೋದಂತೆ. ಫೋಟೋ ತೆಗೆದು, ರಾಮನಗರದಲ್ಲಿ ಬಾಟನಿ ಪಾಠ ಹೇಳಿ ರಿಟೈರ್ ಆದ ಗೆಳೆಯನಿಗೆ ಇಂಗಿನ ಅನುಮಾನದ ಸಮೇತ ಕಳಿಸಿದೆ. ಅವನು ತಕ್ಷಣ ಫೋನ್ ಮಾಡಿದ. ಸ್ಪೀಕರಿಗೆ ಹಾಕಿದೆ.

"ಬೇರು ಕೊಳೆ ರೋಗ ಕಣಯ್ಯ, ಶಿಲೀಂಧ್ರ. ಅಕೇಶಿಯಾಕ್ಕೆ ಇದು ಮಾಮೂಲಿ. ಅಣಬೆ ಹೊರಗೆ ಕಾಣೋ ಹೊತ್ತಿಗೆ ಒಳಗೆ ಬೇರನ್ನೆಲ್ಲ ತಿಂದಾಗಿರುತ್ತೆ. ಗಾಳಿಗೆ ಬೀಳೋ ಮೊದಲು ಬುಡ ಸಮೇತ ತೆಗೆಸಿ, ಪಕ್ಕದ ಮರಕ್ಕೂ ಹರಡುತ್ತೆ. ಇಂಗಿಗೂ ಇದಕ್ಕೂ ಸಂಬಂಧ ಇಲ್ಲ."

ಆರೋಪಿ ಖುಲಾಸೆ. ನಾನು ತೀರ್ಪು ಓದಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಕ್ಕ ಕೇಳಿದಳು, "ಹಂಗಾರೆ ಇಂಗು ದಂಡ ಆಯ್ತೇನ್ಲಾ?"



ಜಯಮ್ಮ ನಿಧಾನಕ್ಕೆ ಎದ್ದು ನಿಂತಳು. ಈ ಸಲ ನನ್ನ ಮೂಲಕ ಅಲ್ಲ, ನೇರವಾಗಿ. "ಅಕ್ಕ, ಇಷ್ಟು ವರ್ಸದಲ್ಲಿ ನಿಮ್ ಸಾರಿಗೆ ಒಂದಿನಾನೂ ಚಿಟಿಕೆ ಇಂಗು ಬೀಳ್ನಿಲ್ಲ. ನನ್ ಮರಕ್ಕೆ ತುಂಬುದ್ರಾ?"

"ಒಂದೇ ಡಬ್ಬಿ ಕಣೆ. ಅದೂ ಹಳೇದು. ವಾಸ್ನೇನೂ ಇರ್ನಿಲ್ಲ."

ಜಯಮ್ಮ ನಕ್ಕಳು. ನಗು ಮುಗಿಯುವ ಹೊತ್ತಿಗೆ ಅಳುತ್ತಿದ್ದಳು. ಅಕ್ಕ ತನ್ನ ಜಗಲಿ ಇಳಿದು ಆ ಕಡೆ ಹೋಗಿ ಅವಳ ಪಕ್ಕ ಕೂತಳು. ಮರದ ಕಡೆ ನೋಡಿ ಅಂದಳು, "ಕಡ್ಸುಬುಡಾನ ಜಯ. ಗಾಳಿ ಬಂದ್ರೆ ನಿನ್ ಮನೆ ಮ್ಯಾಲೇ ಬೀಳದು."

"ವಾಲಿರೋದು ನಿಮ್ಮನೆ ಕಡೀಕೆ ಅಕ್ಕ. ಸರ್ಯಾಗಿ ನೋಡಿ."

ಆ ಅಣಬೆಯನ್ನು ಯಾರು ಶಪಿಸಬೇಕು, ಯಾರು ಹೊಗಳಬೇಕು? ಬೇಡದ ಮರ ಎಂದು ನಾನೂ ಇದೇ ಅಂಕಣದಲ್ಲಿ ಅಕೇಶಿಯಾವನ್ನು ಬೈದವನೇ. ಆದರೂ ಹೊರಡುವ ಮುಂಚೆ ಆ ಅರೆನೆರಳಲ್ಲಿ ಚಾಪೆ ಹಾಸಿ ಮಲಗಿದೆ. ನಿದ್ದೆ ಬರಲಿಲ್ಲ; ಹೆಂಗಸರಿಬ್ಬರೂ ಬಾಕಿ ಉಳಿದಿದ್ದ ಮಾತನ್ನೆಲ್ಲ ಆಡುತ್ತಿದ್ದರು.

ಶುಕ್ರವಾರ ಮರವನ್ನು ಬುಡ ಸಮೇತ ತೆಗೆಸಿದರು. ಎರಡು ಮನೆಗಳ ನಡುವೆ ಈಗ ಏನೂ ಇಲ್ಲ.