ಕಿವಿ ಮೇಸ್ತ್ರಿಯ ಎಡ ಎದೆ

ನಮ್ಮ ಯಜಮಾನರಿಗೆ ಕಿವಿ ಮೇಸ್ತ್ರಿ ಅಂತಲೇ ಹೆಸರು. ಸ್ಕೂಟರ್ ರಿಪೇರಿ ಅಂಗಡಿ. ಯಾವ ಗಾಡಿ ಬಂದರೂ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚುತ್ತಾರೆ. ಅನುಮಾನ ಬಂದರೆ ಪಕ್ಕದಲ್ಲಿ ಅದೇ ಮಾಡೆಲ್ಲಿನ ಒಳ್ಳೆಯ ಗಾಡಿ ಸ್ಟಾರ್ಟ್ ಮಾಡಿ ಎರಡನ್ನೂ ಕೇಳುತ್ತಾರೆ. ಆಮೇಲೆ ಹೇಳಿದ್ದು ಹೇಳಿದ್ದೇ.

ಇಂಥ ಮಹಾನುಭಾವರ ಎದೆಯ ಎಡಗಡೆ, ನಾವು ಮದುವೆಯಾದಾಗಿನಿಂದಲೂ ಗುಳುಗುಳು ಸದ್ದು. ಊಟವಾದ ಮೇಲಂತೂ ಕೇಳಲೇಬೇಡಿ. "ಗ್ಯಾಸ್ ಕಣೇ, ಹುಟ್ಟಿದಾಗಿನಿಂದ ಹೀಗೇ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಇಪ್ಪತ್ತೆರಡು ವರ್ಷ ಆರಾಮಕುರ್ಚಿಯಲ್ಲೇ ನಿದ್ದೆ. ನಮ್ಮಪ್ಪ ಕೊಡಿಸಿದ ಜೋಡಿ ಮಂಚದ ಅರ್ಧದಲ್ಲಿ ಮಡಚಿದ ಬಟ್ಟೆಗಳು ಸಂಸಾರ ಮಾಡುತ್ತಿದ್ದವು. ಕುಕ್ಕರಗಾಲಲ್ಲಿ ಕೂತು ಬಗ್ಗಿದರೂ ಏದುಸಿರು. ಅದಕ್ಕೆ ಗಾಡಿಯನ್ನೇ ಮೇಜಿನ ಮೇಲೆ ಹತ್ತಿಸಿ ರಿಪೇರಿ ಮಾಡತೊಡಗಿದರು. ಎದುರಂಗಡಿಯ ಮೆಕ್ಯಾನಿಕ್ ಇದೇನೋ ಹೊಸ ಪದ್ಧತಿ ಅಂದುಕೊಂಡು ತಾನೂ ಒಂದು ಮೇಜು ಮಾಡಿಸಿದ! ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಊಟ ಮುಗಿಸಿ ಎದ್ದವರು ಗೋಡೆ ಹಿಡಿದು ನಿಂತುಬಿಟ್ಟರು. ತುಟಿ ಕಪ್ಪಿಟ್ಟಿತ್ತು. ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ ಹುಟ್ಟುವಾಗಲೇ ಒಂದು ತೂತು ಉಳಿದಿದೆಯಂತೆ. ಕರುಳು ಅದರಲ್ಲಿ ತೂರಿ ಮೇಲೇರಿ, ಎಡ ಶ್ವಾಸಕೋಶವನ್ನು ಮೂಲೆಗೆ ತಳ್ಳಿ ಕೂತಿದೆಯಂತೆ.

"ಸಾಮಾನ್ಯವಾಗಿ ಇದು ಹಸುಗೂಸಲ್ಲೇ ಗೊತ್ತಾಗುತ್ತೆ. ನಲವತ್ತೇಳು ವರ್ಷ ಹೇಗೆ ತಳ್ಳಿದ್ರೋ! ಕರುಳು ಅಲ್ಲೇ ತಿರುಚಿಕೊಂಡ್ರೆ ಜೀವಕ್ಕೇ ಅಪಾಯ. ಬೇಗ ಆಪರೇಷನ್ ಮಾಡಿಸ್ಕೊಳ್ಳಿ" ಅಂದರು.

ನಮ್ಮವರು ಶರ್ಟಿನ ಗುಂಡಿ ಹಾಕಿಕೊಂಡು ಎದ್ದೇಬಿಟ್ಟರು. "ಓಡ್ತಿರೋ ಇಂಜಿನ್ ನಾನು ಬಿಚ್ಚಲ್ಲ, ಡಾಕ್ಟ್ರೇ."

ನನಗೆ ಪಿತ್ತ ನೆತ್ತಿಗೇರಿತು. ಊರಿನವರ ಗಾಡಿಗಳನ್ನೆಲ್ಲ ಬಿಚ್ಚಿ ಹರವುವ ಮನುಷ್ಯ, ತನ್ನ ಸರದಿ ಬಂದಾಗ ಬಾಗಿಲ ಕಡೆ ನೋಡುವುದೇ? ಹೆದರಿದ್ದರು, ನನಗೆ ಗೊತ್ತಿತ್ತು. ನಾನೂ ಹೆದರಿದ್ದೆ.

"ಕೂತ್ಕೊಳ್ರೀ! ಡಾಕ್ಟ್ರೇ, ನಿಮ್ಮ ಸ್ಟೆತಾಸ್ಕೋಪ್ ಸ್ವಲ್ಪ ಕೊಡಿ." ಇಸಕೊಂಡು ಅವರ ಕಿವಿಗೆ ಸಿಕ್ಕಿಸಿದೆ. ಇನ್ನೊಂದು ತುದಿಯನ್ನು ನನ್ನ ಎಡ ಎದೆಗೆ ಒತ್ತಿಕೊಂಡೆ. "ಇದು ಒಳ್ಳೆ ಗಾಡಿ, ಕೇಳಿ." ಆಮೇಲೆ ಅವರ ಎದೆಗೆ ಒತ್ತಿದೆ. "ಈಗ ಇದು."

ಕಣ್ಣು ಮುಚ್ಚಿದರು. ನನ್ನದು, ತಮ್ಮದು, ಮತ್ತೆ ನನ್ನದು. ಇಷ್ಟು ವರ್ಷ ಎಲ್ಲ ಗಾಡಿಗಳಿಗೂ ಮಾಡಿದ್ದನ್ನು ತಮಗೆ ಒಂದು ದಿನವೂ ಮಾಡಿಕೊಂಡಿರಲಿಲ್ಲ.

"ಲೇ, ನಿನಗೆ ಈ ಕಡೇನೂ ಗಾಳಿ ಓಡಾಡುತ್ತಲ್ಲೇ" ಅಂದರು, ಸಣ್ಣ ದನಿಯಲ್ಲಿ.

"ಎಲ್ಲರಿಗೂ ಓಡಾಡುತ್ತೆ ಕಣ್ರೀ."

ಸ್ಟೆತಾಸ್ಕೋಪ್ ತೆಗೆದು ಮೇಜಿನ ಮೇಲಿಟ್ಟರು. "ಬಿಚ್ಚಿ, ಡಾಕ್ಟ್ರೇ."

ಆಪರೇಷನ್ ದಿನ ನಾಲ್ಕು ಗಂಟೆ ಹೊರಗೆ ಕೂತು, ಕಂಡ ಕಂಡವರ ಮೇಲೆಲ್ಲ ರೇಗಿದೆ. ಕಾಫಿ ತಂದುಕೊಟ್ಟ ನಾದಿನಿಯನ್ನೂ ಬಿಡಲಿಲ್ಲ.

ಮನೆಗೆ ಬಂದ ಮೂರನೆಯ ವಾರ, ಊಟವಾದ ಮೇಲೆ, ಮಂಚದ ಮೇಲಿನ ಬಟ್ಟೆಗಳನ್ನು ಎತ್ತಿ ಕುರ್ಚಿಗೆ ಹಾಕಿದೆ. ಅಂಗಾತ ಮಲಗಿದರು. ಹತ್ತೇ ನಿಮಿಷಕ್ಕೆ ನಿದ್ದೆ. ಪಾತ್ರೆ ತೊಳೆಯುತ್ತಿದ್ದವಳಿಗೆ ಥಟ್ಟನೆ ಅನ್ನಿಸಿತು: ಗುಳುಗುಳು ಇಲ್ಲ. ಏನೂ ಸದ್ದಿಲ್ಲ. ಜೀವ ಬಾಯಿಗೆ ಬಂತು. ಒದ್ದೆ ಕೈಯಲ್ಲೇ ಓಡಿಹೋಗಿ ಅವರ ಎಡ ಎದೆಗೆ ಕಿವಿಯಿಟ್ಟೆ. ಗಾಳಿ ಮೆಲ್ಲಗೆ ಹೋಗುತ್ತಿತ್ತು, ಬರುತ್ತಿತ್ತು.

ಅವರು ಒಂದೇ ಕಣ್ಣು ತೆರೆದರು. "ಏನಂತೆ, ಮೇಸ್ತ್ರಮ್ಮಾ?"

"ಸುಮ್ನೆ ಮಲಗ್ರೀ" ಅಂದೆ, ಕಿವಿ ತೆಗೆಯದೆ. "ಇನ್ನೂ ಕೇಳ್ತಿದೀನಿ."