ದಕ್ಕೆಯ ಬೆಕ್ಕುಗಳನ್ನು ಮತ್ತೊಮ್ಮೆ ಎಣಿಸಿದ್ದು

ದೇರೆಬೈಲಿನಿಂದ ಆದಿತ್ಯವಾರ ಬೆಳಿಗ್ಗೆ ಹೊರಟೆವು. ಬಸ್ಸು ಖಾಲಿ ಇತ್ತು ಎಂದು ಇಲ್ಲಿ ಮೊದಲು ಬರೆದಿದ್ದೆ. ಅಕ್ಕನ ಮಗಳು ನಿಶ್ಮಿತಾ ಓದಿ, "ಮಾವ, ನೀವು ಬಾಗಿಲಲ್ಲಿ ನೇತಾಡಿಕೊಂಡು ಬಂದದ್ದಲ್ವಾ?" ಎಂದಳು. ಹಾಗಾದರೆ ಖಾಲಿ ಇರಲಿಲ್ಲ. ಟಿಕೆಟು ತಲೆಗೆ ಹದಿನೈದು ರೂಪಾಯಿ, ಸೆಕೆ ಧರ್ಮಕ್ಕೆ.

ನಿಶ್ಮಿತಾ ಎಂ.ಎಸ್ಸಿ. ಓದುತ್ತಾಳೆ. ದೋಣಿಗಳು ಮೀನು ಇಳಿಸುವ ದಕ್ಕೆಯ ಬೆಕ್ಕುಗಳು ಅವಳ ಪ್ರಾಜೆಕ್ಟು. ಬೆಕ್ಕಿನ ಬಿಳಿ ಬಣ್ಣಕ್ಕೆ ಒಂದು ಜೀನು ಉಂಟಂತೆ. ಅದರ ಎರಡು ಪ್ರತಿ ಇದ್ದರೆ ಬೆಕ್ಕು ಬಹುಪಾಲು ಬೆಳ್ಳಗೆ, ಒಂದಿದ್ದರೆ ಎದೆ ಕಾಲು ಮಾತ್ರ ಬಿಳಿ, ಇಲ್ಲದಿದ್ದರೆ ಬಿಳಿಯೇ ಇಲ್ಲ. ಹೊರಗಿನವು ಬಾರದೆ, ಒಳಗಿನವು ಹೋಗದೆ, ಬೆಕ್ಕುಗಳು ಮನಬಂದಂತೆ ಕೂಡಿದರೆ ಈ ಮೂರು ಬಗೆ ಎಷ್ಟೆಷ್ಟಿರಬೇಕೆಂದು ಲೆಕ್ಕ ಹಾಕಬಹುದು. ಲೆಕ್ಕ ಹೊಂದಿದರೆ ಸಮತೋಲನ. ಅವಳ ಮೊದಲ ಎಣಿಕೆ ಹೊಂದಿರಲಿಲ್ಲ, ನಡುವಿನ ಬಗೆ ತೀರಾ ಕಡಿಮೆ.

ದಕ್ಕೆಯನ್ನು ಆರಿಸಿಕೊಟ್ಟದ್ದು ಅವಳ ಗೈಡ್ ಸರ್. "ಮೀನು ಬಿಟ್ಟು ಬೆಕ್ಕು ಎಲ್ಲಿಗೆ ಹೋಗ್ತದೆ? ಹೊರಗಿನದನ್ನು ಸೇರಿಸ್ತದಾ? ನೀನು ಎಣಿಸಿದ್ದೇ ತಪ್ಪು. ಪುನಃ ಎಣಿಸು, ಇಲ್ಲದಿದ್ದರೆ ಸಹಿ ಇಲ್ಲ" ಎಂದಿದ್ದರು. ಸಹಿ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಸಾಕ್ಷಿಗೆಂದು ನನ್ನನ್ನು ಹೊರಡಿಸಿದ್ದಳು.

ಕೊನೆಯ ಸ್ಟಾಪಿನಲ್ಲಿ ಇಳಿದು, ಚಾ ಕುಡಿದು, ಗೋಳಿಬಜೆ ತಿಂದು ದಕ್ಕೆಗೆ ನಡೆದೆವು. "ನೆನಪಿಟ್ಟುಕೊಳ್ಳಬೇಡಿ ಮಾವ, ಫೋಟೋ ತೆಗೀರಿ" ಎಂದಳು. ಒಳ್ಳೆಯದೇ ಆಯಿತು. ಎರಡು ಬೇರೆ ಗಡವ ಬೆಕ್ಕುಗಳೆಂದು ನಾನು ಆಣೆ ಹಾಕಿದ್ದು ಫೋಟೋದಲ್ಲಿ ಒಂದೇ ಹರಿದ ಕಿವಿಯ ಗಡವವಾಗಿತ್ತು.

ಬಂಗುಡೆ ಮಾರುತ್ತಿದ್ದ ಹೆಂಗಸು ನಮ್ಮನ್ನು ಬಹಳ ಹೊತ್ತು ನೋಡಿದಳು. "ಬೆಕ್ಕು ಎಣಿಸಲಿಕ್ಕೂ ಕಾಲೇಜು ಉಂಟಾ ಮಾರಾಯ್ರೆ?"

"ಉಂಟು ಅಕ್ಕ."

"ಬೆಕ್ಕಿಗೆ ಗೊತ್ತುಂಟಾ?"

ಮಧ್ಯಾಹ್ನಕ್ಕೆ ಎಣಿಕೆ ಮುಗಿಯಿತು. ನಡುವಿನವು ಮತ್ತೆ ಕಡಿಮೆ. ನಿಶ್ಮಿತಾ ಐಸ್ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟಳು. "ಒಂದು ವರ್ಷ ಹೋಯಿತು ಮಾವ."

ಆಗ ಒಂದು ಸ್ಕೂಟರ್ ಬಂತು. ಸವಾರನ ಕಾಲ ಬಳಿ ಗೋಣಿಚೀಲ, ಚೀಲದೊಳಗೆ ಮಿಯಾಂವ್. ಸವಾರ ಚೀಲ ಎತ್ತಿಕೊಂಡು, ಬೆಕ್ಕಿಗೆ ಮನೆಯ ದಿಕ್ಕು ತಪ್ಪಲೆಂದು ನಮ್ಮೂರಲ್ಲಿ ಮಾಡುವ ಹಾಗೆ, ಹೆಲ್ಮೆಟ್ ಸಮೇತ ನಿಂತಲ್ಲೇ ಮೂರು ಸುತ್ತು ತಿರುಗಿದ. ಚೀಲದ ಬಾಯಿ ಬಿಚ್ಚಿದ. ಬೆಕ್ಕು ನೆಟ್ಟಗೆ ಬಂಗುಡೆಯ ಕಡೆಗೆ ನಡೆಯಿತು. ತಲೆ ತಿರುಗಿದ್ದು ಸವಾರನಿಗೆ. ಗಾಳಿಗೆಂದು ಹೆಲ್ಮೆಟ್ ತೆಗೆದ.

"ನಮಸ್ತೆ ಸರ್" ಎಂದಳು ನಿಶ್ಮಿತಾ.

ಗೈಡ್ ಸರ್ ಗೋಣಿಯನ್ನು ಕರ್ಚೀಫಿನಷ್ಟು ಸಣ್ಣಗೆ ಮಡಚಲು ನೋಡಿದರು. "ನಮ್ಮದಲ್ಲ. ನೆರೆಮನೆಯದ್ದು. ಹಾಲು ಇಡಲಿಕ್ಕೆ ಬಿಡುವುದಿಲ್ಲ."

"ನಿಮ್ಮ ಕದ್ರಿಯಿಂದ ಇಷ್ಟು ದೂರಕ್ಕಾ ಸರ್?"

"ಎಂತ ಮಾಡುವುದು? ಕದ್ರಿಯವರು, ಬಲ್ಮಠದವರು, ಎಲ್ಲ ಇಲ್ಲಿಯೇ ತಂದು ಬಿಡುವುದಲ್ವಾ..." ಎಂದವರು ಅಲ್ಲಿಗೇ ನಿಂತರು.

ನನಗೂ ಹೊಳೆಯಿತು. ಒಂದೊಂದು ಕೇರಿಯ ಬೆಕ್ಕು ಒಂದೊಂದು ಥರ, ಒಂದು ಕಡೆ ಬೆಳ್ಳಗಿನವು ಹೆಚ್ಚು, ಇನ್ನೊಂದು ಕಡೆ ಬಿಳಿಯೇ ಇಲ್ಲದವು. ಅವು ಬಂದು ಬೀಳುತ್ತಲೇ ಇದ್ದರೆ, ಬೆರೆತು ಮರಿ ಹಾಕುವ ಮೊದಲು ಎಣಿಸಿದಾಗ ನಡುವಿನವು ಕಡಿಮೆಯೇ ಇರುತ್ತವೆ. ಅವಳ ಎಣಿಕೆ ಸರಿ ಇತ್ತು.

"ವಲಸೆ ಅಂತ ಬರೀತೇನೆ ಸರ್."

"ಬರಿ." ಸರ್ ಸ್ಕೂಟರ್ ಹತ್ತಿದರು. "ನಾಡಿದ್ದು ತಾ, ಸಹಿ ಹಾಕ್ತೇನೆ. ಬೆಕ್ಕು ಬಿಟ್ಟವರ ಹೆಸರು ಹಾಕಬೇಡ."

"ಆ ಮೂರು ಸುತ್ತು?" ಎಂದೆ ನಾನು.

"ಅದು ಅಮ್ಮ ಹೇಳಿದ್ದು" ಎಂದು ಹೋದರು.

ವಾಪಸು ಬಸ್ಸಿನಲ್ಲಿ ನಮ್ಮಿಬ್ಬರಿಗೂ ಜಗಳ. ಸರ್ ಬಿಟ್ಟ ಬೆಕ್ಕು ನನ್ನ ನೆನಪಿನಲ್ಲಿ ಹಾಲಿನಂತೆ ಬಿಳಿ. ಅವಳ ಪ್ರಕಾರ ಎದೆ ಕಾಲು ಮಾತ್ರ. ಫೋನ್ ತೆರೆದೆವು. ಆಗ ನಾನು ತೆಗೆದ ಫೋಟೋದಲ್ಲಿ ಬೆಕ್ಕು ಬಿದ್ದೇ ಇರಲಿಲ್ಲ. ಗೋಣಿ ಅಪ್ಪಿಕೊಂಡು ಎರಡನೆಯ ಸುತ್ತಿನಲ್ಲಿದ್ದ ಸರ್ ಮಾತ್ರ ಬಹಳ ಸ್ಪಷ್ಟವಾಗಿ ಬಿದ್ದಿದ್ದರು.

ಅಳಿಸಲು ಹೋದೆ. ನಿಶ್ಮಿತಾ ಕೈ ಹಿಡಿದಳು.

"ಮೊದಲು ಸಹಿ ಬೀಳಲಿ ಮಾವ."